ಬಿರುದಿಗಿಂತ ಮೊದಲು ತೇದಿ: ತಿರುವೇಂದಿಪುರಂ ಶಾಸನವನ್ನು ಮತ್ತೊಮ್ಮೆ ಓದುತ್ತಾ

ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಬಗ್ಗೆ ಯಾರೇ ಬರೆಯಲಿ, ಒಂದು ಬಿರುದು ಬಂದೇ ಬರುತ್ತೆ: 'ಚೋಳರಾಜ್ಯ ಪ್ರತಿಷ್ಠಾಚಾರ್ಯ'. ಅದರ ಜತೆಗೇ ಒಂದು ಕಥೆಯೂ ಬರುತ್ತೆ. ಚೋಳ ಚಕ್ರವರ್ತಿಯನ್ನು ಅವನ ಸಾಮಂತನೇ ಸೆರೆ ಹಿಡಿದ, ದೇವಾಲಯಗಳು ಹಾಳಾದವು, ಸುದ್ದಿ ಕೇಳಿ ನಮ್ಮ ನರಸಿಂಹ ದೋರಸಮುದ್ರದಿಂದ ಹೊರಟ, ಚೋಳನನ್ನು ಬಿಡಿಸಿ ಮತ್ತೆ ಸಿಂಹಾಸನದಲ್ಲಿ ಕೂರಿಸಿದ, ಏನನ್ನೂ ಬಯಸದೆ ಹಿಂತಿರುಗಿದ. ವಾಟ್ಸಾಪ್‌ನಲ್ಲಿ ಈ ಕಥೆ ವರ್ಷಕ್ಕೆ ಎರಡು ಸಲವಾದರೂ ನನ್ನ ಕೈ ಸೇರುತ್ತೆ. ಕೊನೆಯಲ್ಲಿ ಸಾಮಾನ್ಯವಾಗಿ 'ಇದು ಕನ್ನಡಿಗರ ಔದಾರ್ಯ' ಅಂತಿರುತ್ತೆ.

ಒಪ್ಪಿಕೊಂಡುಬಿಡ್ತೀನಿ, ಈ ಕಥೆಯನ್ನು ನಾನೂ ಹೇಳಿದ್ದೆ. ಬೆಂಗಳೂರಿನಲ್ಲಿ ಒಂದು ಭಾನುವಾರ ಶಾಸನಾಸಕ್ತರ ಸಣ್ಣ ಗುಂಪಿನ ಮುಂದೆ, ಸ್ಲೈಡ್ ಹಾಕಿ, ಬಹಳ ಹುಮ್ಮಸ್ಸಿನಿಂದ. ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಕೇಳಿದರು: "ಸಾರ್, ಇದು ಯಾವ ರಾಜರ ಎಷ್ಟನೇ ವರ್ಷದ ಶಾಸನ?" ನಾನು ಸ್ಲೈಡ್ ಕಡೆ ತಿರುಗಿ ನೋಡಿದೆ. ಮೊದಲ ಸಾಲು ಅಲ್ಲಿರಲೇ ಇಲ್ಲ. ಜಾಗ ಸಾಲದು ಅಂತ ನಾನೇ ಕತ್ತರಿಸಿದ್ದೆ. 'ಪ್ರತಾಪ ಚಕ್ರವರ್ತಿ ಹೊಯ್ಸಳ' ಅನ್ನುವ ಮಾತಿನಿಂದ ನನ್ನ ಶಾಸನ ಶುರುವಾಗಿತ್ತು.

ನಿಜವಾದ ಶಾಸನ ಶುರುವಾಗೋದು ಬೇರೆ ರಾಜನಿಂದ. ತ್ರಿಭುವನಚಕ್ರವರ್ತಿ ರಾಜರಾಜದೇವನ 16ನೇ ವರ್ಷ. ಅಂದರೆ ಚೋಳ ಮುಮ್ಮಡಿ ರಾಜರಾಜನ ಆಳ್ವಿಕೆಯ ವರ್ಷ, ಕ್ರಿ.ಶ. 1231-32. ಸೆರೆಯಲ್ಲಿದ್ದವನ ವರ್ಷದಲ್ಲಿ, ಬಿಡಿಸಿದವನ ಸಾಹಸ ಬರೆದಿದ್ದಾರೆ. ಆ ಹೆಂಗಸಿನ ಪ್ರಶ್ನೆಗೆ ಅವತ್ತು ನಾನು ಉತ್ತರವನ್ನೇನೋ ಹೇಳಿದೆ. ಆದರೆ ಅದರ ಅರ್ಥ ಹೊಳೆದದ್ದು ಮನೆಗೆ ಬಂದು ಶಾಸನವನ್ನು ಮತ್ತೆ ಮೊದಲಿನಿಂದ ಓದಿದಾಗ. ಈ ಬರಹ ಆ ಎರಡನೇ ಓದಿನದು.

ಶಾಸನ ಏನು ಹೇಳುತ್ತೆ?

ತಿರುವೇಂದಿಪುರಂ ಅಂದರೆ ಈಗಿನ ತಿರುವಹೀಂದ್ರಪುರಂ. ತಮಿಳುನಾಡಿನ ಕಡಲೂರಿನ ಹತ್ತಿರ, ಗಡಿಲಂ ನದಿಯ ದಡದಲ್ಲಿ, ದೇವನಾಯಕ ಪೆರುಮಾಳ್ ದೇವಸ್ಥಾನ ಇರುವ ಊರು. ಶಾಸನ ತಮಿಳಿನದು. ಹುಲ್ಟ್ಜ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ 7ನೇ ಸಂಪುಟದಲ್ಲಿ ಪ್ರಕಟಿಸಿದರು.

ಸಾರಾಂಶ ನನ್ನ ಮಾತಿನಲ್ಲಿ ಹೀಗೆ. ಕೊಪ್ಪೆರುಂಜಿಂಗನು ಚೋಳ ಚಕ್ರವರ್ತಿಯನ್ನು ಸೇಂದಮಂಗಲದಲ್ಲಿ ಸೆರೆಯಿಟ್ಟಿದ್ದಾನೆ, ಅವನ ಸೈನ್ಯ ನಾಡನ್ನೂ ದೇವಸ್ಥಾನಗಳನ್ನೂ ಹಾಳುಮಾಡುತ್ತಿದೆ ಎಂಬ ಸುದ್ದಿ ನರಸಿಂಹನಿಗೆ ತಲುಪುತ್ತೆ. 'ಚೋಳಮಂಡಲ ಪ್ರತಿಷ್ಠಾಚಾರ್ಯ' ಎಂಬ ಕೀರ್ತಿಯನ್ನು ಉಳಿಸಿಕೊಳ್ಳುವವರೆಗೆ ಕಹಳೆ ಊದಿಸುವುದಿಲ್ಲ ಅಂತ ಅವನು ಶಪಥ ಮಾಡುತ್ತಾನೆ. ದೋರಸಮುದ್ರದಿಂದ ಹೊರಟು, ದಾರಿಯಲ್ಲಿ ಮಗರ ರಾಜ್ಯವನ್ನು ಕಿತ್ತೊಗೆದು, ಅದರ ಅರಸನನ್ನೂ ಹೆಂಗಸರನ್ನೂ ಭಂಡಾರವನ್ನೂ ವಶಪಡಿಸಿಕೊಂಡು, ಪಾಚ್ಚೂರಿನಲ್ಲಿ ಬೀಡುಬಿಡುತ್ತಾನೆ. ಅಲ್ಲಿಂದ ಅಪ್ಪಣ್ಣ ದಣ್ಣಾಯಕ, ಸಮುದ್ರ ಗೋಪ್ಪಯ್ಯ ದಣ್ಣಾಯಕ ಎಂಬ ಇಬ್ಬರನ್ನು ಮುಂದಕ್ಕೆ ಕಳಿಸುತ್ತಾನೆ. ಅವರು ಕೊಪ್ಪೆರುಂಜಿಂಗನ ಊರುಗಳನ್ನು ಒಂದೊಂದಾಗಿ ನಾಶಮಾಡುತ್ತಾರೆ. ನಡುವೆ ಚಿದಂಬರದ ಪೊನ್ನಂಬಲದಲ್ಲಿ ದೇವರಿಗೆ ನಮಸ್ಕರಿಸುತ್ತಾರೆ. ತಿರುಪ್ಪಾದಿರಿಪ್ಪುಲಿಯೂರಿನಲ್ಲಿ ತಂಗಿ, ತಿರುವದಿಗೈ ಮೊದಲಾದ ಊರುಗಳ ಕಡೆ ತಿರುಗಿ, ಸೇಂದಮಂಗಲದಿಂದ ಪೂರ್ವಕ್ಕೆ ಸಮುದ್ರದವರೆಗಿನ ಸೀಮೆಯಲ್ಲಿ ಬೆಳೆ ಸುಡುತ್ತಾರೆ, ಹೆಂಗಸರನ್ನು ಹಿಡಿಯುತ್ತಾರೆ. ಇನ್ನೇನು ಸೇಂದಮಂಗಲಕ್ಕೇ ನುಗ್ಗಬೇಕು ಅನ್ನುವಾಗ ಕೊಪ್ಪೆರುಂಜಿಂಗ ಹೆದರಿ, ಚೋಳನನ್ನು ಬಿಟ್ಟುಕೊಡುತ್ತೇನೆ ಅಂತ ನರಸಿಂಹನಿಗೆ ಹೇಳಿಕಳಿಸುತ್ತಾನೆ. ನರಸಿಂಹ ಒಪ್ಪುತ್ತಾನೆ. ದಣ್ಣಾಯಕರು ಚೋಳನನ್ನು ಕರೆದುಕೊಂಡು ಹೋಗಿ ಅವನ ರಾಜ್ಯಕ್ಕೆ ಸೇರಿಸುತ್ತಾರೆ.

ಬರವಣಿಗೆಯಾಗಿ ನೋಡಿದರೆ ಬಹಳ ಗಟ್ಟಿ ಶಾಸನ. ಎಷ್ಟೋ ಪ್ರಶಸ್ತಿಗಳ ಹಾಗೆ ಅಂಗ-ವಂಗ-ಕಳಿಂಗ ಅಂತ ಪಟ್ಟಿ ಓದಿ ಮುಗಿಸಲ್ಲ. ಊರುಗಳ ಹೆಸರಿದೆ, ಸೇನಾನಿಗಳ ಹೆಸರಿದೆ, ಎಲ್ಲಿ ತಂಗಿದರು, ಎಲ್ಲಿ ಸುಟ್ಟರು, ಎಲ್ಲಿ ಕೈಮುಗಿದರು ಎಂಬ ಕ್ರಮ ಇದೆ. ಸೈಟ್ ಎಂಜಿನಿಯರ್ ಬರೆದ ದಿನಚರಿ ಓದಿದ ಹಾಗಿರುತ್ತೆ. ಸೈನ್ಯದ ಜತೆ ಇದ್ದವರೇ ಬರೆಸಿರಬೇಕು ಅಂತ ಅನಿಸುವುದು ಅದಕ್ಕೇ.

ಜನಪ್ರಿಯ ಓದಿನ ಮೊದಲ ತಪ್ಪು ಇಲ್ಲೇ ಇದೆ. ದೇವಸ್ಥಾನ ಹಾಳಾದದ್ದು, ಶಪಥ ಮಾಡಿದ್ದು, ಬಿಡಿಸಿದ್ದು, ಈ ಮೂರನ್ನು ಎತ್ತಿಕೊಂಡು ನಡುವೆ ಇರುವ ಸುಟ್ಟ ಬೆಳೆ, ಹಿಡಿದ ಹೆಂಗಸರನ್ನು ಬಿಟ್ಟುಬಿಡುತ್ತೇವೆ. ಶಾಸನ ಅದನ್ನು ಮುಚ್ಚಿಟ್ಟಿಲ್ಲ, ಹೆಮ್ಮೆಯಿಂದಲೇ ಹೇಳಿಕೊಂಡಿದೆ. ಮುಚ್ಚಿಡುವವರು ನಾವು. ಆ ಬೆಳೆ ಬೆಳೆದ ರೈತ ಕೊಪ್ಪೆರುಂಜಿಂಗನ ಸೀಮೆಯವನೇ ಇರಬಹುದು. ಆದರೆ ಅವನ ನಾಡೂ ಲೆಕ್ಕಕ್ಕೆ ಚೋಳರಾಜ್ಯದ್ದೇ. ಯಾವ ರಾಜ್ಯವನ್ನು 'ಪ್ರತಿಷ್ಠಾಪನೆ' ಮಾಡಲು ಹೊರಟರೋ ಅದರ ಗದ್ದೆಯನ್ನೇ ಸುಟ್ಟಿದ್ದಾರೆ.

ತೇದಿ ಏಕೆ ಮುಖ್ಯ?

ನನ್ನ ವೃತ್ತಿಯಲ್ಲಿ ಯಾವುದೇ ಡ್ರಾಯಿಂಗ್ ಕೈಗೆ ಬಂದರೆ ಮೊದಲು ನೋಡೋದು ಬಲಗಡೆ ಕೆಳಗಿನ ಮೂಲೆಯ ಟೈಟಲ್ ಬ್ಲಾಕ್. ಯಾರು ಬರೆದದ್ದು, ಯಾರು ಒಪ್ಪಿದ್ದು, ಎಷ್ಟನೇ ಪರಿಷ್ಕರಣೆ, ಯಾವ ದಿನಾಂಕ. ಅದನ್ನು ನೋಡದೆ ಡ್ರಾಯಿಂಗ್‌ನ ಗೆರೆ ಅಳೆಯಲು ಹೋದವನಿಗೆ ಮೊದಲ ವಾರವೇ ಬೈಗುಳ ಗ್ಯಾರಂಟಿ. ಶಾಸನದಲ್ಲಿ ಆ ಮೂಲೆ ಮೊದಲ ಸಾಲಿನಲ್ಲಿರುತ್ತೆ. ಯಾವ ರಾಜನ ಆಳ್ವಿಕೆಯ ವರ್ಷದಲ್ಲಿ ತೇದಿ ಹಾಕಿದ್ದಾರೆ ಎಂಬುದು ಆ ಊರಿನಲ್ಲಿ ಆ ದಿನ ಯಾರನ್ನು ದೊರೆ ಅಂತ ಒಪ್ಪಿದ್ದರು ಎಂಬುದರ ಗುರುತು.

ಈಗ ನೋಡಿ. ಗೆದ್ದ ಸೈನ್ಯ ಹೊಯ್ಸಳರದು. ಚೋಳನ ಕೈಯಲ್ಲಿ ಆಗ ಏನೂ ಇರಲಿಲ್ಲ. ಆದರೂ ಶಾಸನ ಅವನ ವರ್ಷವನ್ನೇ ಎಣಿಸುತ್ತೆ, ಸೆರೆಯಲ್ಲಿದ್ದಾಗಲೂ ಅವನನ್ನು 'ಚೋಳ ಚಕ್ರವರ್ತಿ' ಅಂತಲೇ ಕರೆಯುತ್ತೆ. ನರಸಿಂಹನೂ 'ಪ್ರತಾಪ ಚಕ್ರವರ್ತಿ'. ಒಂದೇ ಶಾಸನದಲ್ಲಿ ಇಬ್ಬರು ಚಕ್ರವರ್ತಿಗಳು! ಚಕ್ರವರ್ತಿ ಎಂಬ ಪದದ ಅರ್ಥ ಬಲ್ಲವರಿಗೆ ಇದು ವಿಚಿತ್ರ ಅನಿಸಬೇಕು. ಆದರೆ ಒಬ್ಬನನ್ನು ಇನ್ನೊಬ್ಬನ ಸಾಮಂತ ಅನ್ನದೆ ಇಬ್ಬರನ್ನೂ ಜತೆಯಲ್ಲಿ ನಿಲ್ಲಿಸಬೇಕಾದಾಗ ಬರೆಯುವ ರೀತಿ ಇದೇ. ಮೈತ್ರಿ ಇರೋದು ಬಿರುದಿನಲ್ಲಲ್ಲ, ಈ ಮೊದಲ ಸಾಲಿನ ಸೌಜನ್ಯದಲ್ಲಿ.

ಇದಕ್ಕೊಂದು ಆಕ್ಷೇಪ ಬರಬಹುದು, ನ್ಯಾಯವಾದದ್ದೇ. "ಅದು ದೇವಸ್ಥಾನದ ರೂಢಿ ಸ್ವಾಮಿ. ಆ ಸೀಮೆಯಲ್ಲಿ ಯಾರೇ ಬರೆಸಿದರೂ ಸ್ಥಳೀಯ ಲಿಪಿಕಾರ ಚೋಳರ ವರ್ಷವನ್ನೇ ಹಾಕುತ್ತಿದ್ದ. ಅದರಲ್ಲಿ ರಾಜಕೀಯ ಹುಡುಕಬೇಡಿ." ರೂಢಿ ಹೌದು. ಆ ಕಾಲದಲ್ಲಿ ಕಾಂಚಿಯಲ್ಲಿ ಬೀಡುಬಿಟ್ಟಿದ್ದ ಹೊಯ್ಸಳ ದಣ್ಣಾಯಕರ ದಾನಗಳಿಗೂ ರಾಜರಾಜನ ವರ್ಷದ ತೇದಿಯೇ ಇದೆ. ಆದರೆ ಬೇಕು ಅನಿಸಿದಾಗ ಈ ರೂಢಿಯನ್ನು ಮುರಿದಿದ್ದಾರೆ. ನರಸಿಂಹನ ಮಗ ಸೋಮೇಶ್ವರ, ಮೊಮ್ಮಗ ರಾಮನಾಥ ಇವರ ಕಾಲಕ್ಕೆ ಶ್ರೀರಂಗ, ಜಂಬುಕೇಶ್ವರ, ಕಣ್ಣನೂರು ಈ ಕಡೆಯ ತಮಿಳು ಶಾಸನಗಳಲ್ಲಿ ಹೊಯ್ಸಳರ ಸ್ವಂತ ಆಳ್ವಿಕೆಯ ವರ್ಷವೇ ಕಾಣಿಸಿಕೊಳ್ಳುತ್ತೆ. ಲಿಪಿಕಾರರಿಗೆ ತೇದಿ ಬದಲಿಸಲು ಬರುತ್ತಿತ್ತು. ಈ ಕೊಪ್ಪೆರುಂಜಿಂಗರ ಮನೆತನವೂ ಅಷ್ಟೇ. 1243ರಿಂದ ಮುಂದೆ ಅವರ ಶಾಸನಗಳು ಅವರದ್ದೇ ಆಳ್ವಿಕೆಯ ವರ್ಷ ಎಣಿಸುತ್ತವೆ. ಸ್ವತಂತ್ರರಾದೆವು ಎಂಬುದನ್ನು ಅವರು ಮೊದಲು ಸಾರಿದ್ದು ತೇದಿಯ ಸಾಲಿನಲ್ಲೇ. ಹಾಗಾಗಿ 1231ರಲ್ಲಿ ಚೋಳನ ವರ್ಷವನ್ನು ಉಳಿಸಿದ್ದು ಬರೀ ಅಭ್ಯಾಸಬಲ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲ್ಲ.

ಇವರು ಸ್ನೇಹಿತರಾಗಿದ್ದವರೇ?

ಅಲ್ಲ. ಹೊಯ್ಸಳರು ದೊಡ್ಡವರಾದದ್ದೇ ಚೋಳರನ್ನು ಓಡಿಸಿ. 11ನೇ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ಕೈಸೇರಿತು. ತಲಕಾಡು ರಾಜರಾಜಪುರವಾಯಿತು, ಗಂಗವಾಡಿ ಮುಡಿಕೊಂಡಚೋಳಮಂಡಲವಾಯಿತು. ನೂರಕ್ಕೂ ಹೆಚ್ಚು ವರ್ಷ ಆದಮೇಲೆ, 1116ರ ಸುಮಾರಿಗೆ, ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಅಧಿಕಾರಿ ಅದಿಯಮನನ್ನು ಸೋಲಿಸಿ ತಲಕಾಡನ್ನು ತೆಗೆದುಕೊಂಡ. ವಿಷ್ಣುವರ್ಧನ 'ತಲಕಾಡುಗೊಂಡ'ನಾದ. ಬೇಲೂರಿನ ವಿಜಯನಾರಾಯಣ ದೇವಾಲಯ 1117ರದ್ದು, ತಲಕಾಡಿನಲ್ಲಿ ಕೀರ್ತಿನಾರಾಯಣ. ಹೆಸರಿನಲ್ಲಿರುವ ವಿಜಯ, ಕೀರ್ತಿ ಎರಡೂ ಆ ಹೊತ್ತಿನ ಹೊಯ್ಸಳರ ಮನಸ್ಸು ಹೇಳುತ್ತವೆ.

ಅಂದರೆ 'ತಲಕಾಡುಗೊಂಡ'ನಿಂದ 'ಚೋಳರಾಜ್ಯ ಪ್ರತಿಷ್ಠಾಚಾರ್ಯ'ನವರೆಗೆ ಸುಮಾರು 115 ವರ್ಷ. ಒಂದೇ ವಂಶ, ಎದುರಿಗಿರುವುದು ಅದೇ ವಂಶ, ಬಿರುದು ಮಾತ್ರ ತಲೆಕೆಳಗು. ನಡುವೆ ಬದಲಾದದ್ದು ಹೊಯ್ಸಳರ ಹೃದಯವಲ್ಲ, ಮಧುರೆ.

1216ರಲ್ಲಿ ಮಾರವರ್ಮನ್ ಸುಂದರಪಾಂಡ್ಯ ಪಟ್ಟಕ್ಕೆ ಬಂದ. ಚೋಳನಾಡಿನ ಮೇಲೆ ಬಿದ್ದು ತಂಜಾವೂರು, ಉರೈಯೂರುಗಳನ್ನು ಸುಟ್ಟ. ಚೋಳರ ನೆಲದಲ್ಲೇ ವೀರಾಭಿಷೇಕ ಮಾಡಿಸಿಕೊಂಡ. ಆಮೇಲೆ ಆ ರಾಜ್ಯವನ್ನು ಇಟ್ಟುಕೊಳ್ಳದೆ ಚೋಳನಿಗೇ ವಾಪಸ್ ಕೊಟ್ಟ. ಅವನ ತಮಿಳು ಶಾಸನಗಳಲ್ಲಿ ಇದಕ್ಕೊಂದು ಬಿರುದೇ ಇದೆ, 'ಸೋನಾಡು ವಳಂಗಿಯರುಳಿಯ'. ಚೋಳನಾಡನ್ನು ದಯಪಾಲಿಸಿದವನು ಅಂತ.

ಈ ಬಿರುದನ್ನು ನಮ್ಮ ಬಿರುದಿನ ಪಕ್ಕ ಇಟ್ಟು ಓದಿ. ಒಬ್ಬ ಚೋಳರಾಜ್ಯವನ್ನು 'ದಯಪಾಲಿಸಿದವನು', ಇನ್ನೊಬ್ಬ ಅದನ್ನು 'ಪ್ರತಿಷ್ಠಾಪಿಸಿದವನು'. ಎರಡೂ ಒಂದೇ ಕಾಲದವು, ಒಂದೇ ರಾಜ್ಯದ ಬಗ್ಗೆ. ನರಸಿಂಹನದು ಔದಾರ್ಯವಾದರೆ ಪಾಂಡ್ಯನದ್ದೂ ಔದಾರ್ಯವೇ ಆಗಬೇಕಲ್ಲ? ಪಾಂಡ್ಯನ ಮಾತು ಬರೀ ಜಂಬ ಅಂತೀರಾದರೆ ನಮ್ಮದನ್ನು ಏನನ್ನಬೇಕು? ತಮಿಳು ಇತಿಹಾಸಾಸಕ್ತರಲ್ಲೂ ಇದೇ ಒಕ್ಕಣ್ಣಿನ ಓದು ಇದೆ, ಬಿರುದು ಮಾತ್ರ ಬೇರೆ.

ನನಗೆ ತೋಚುವುದು ಇಷ್ಟು. ಕಾವೇರಿ ಮುಖಜಭೂಮಿ ಪೂರ್ತಿ ಪಾಂಡ್ಯನ ಕೈಸೇರಿದರೆ ಅವನು ಹೊಯ್ಸಳರ ಬಾಗಿಲಿಗೇ ಬಂದ ಹಾಗೆ. ಹೊಯ್ಸಳರ ಕೈಸೇರಿದರೆ ಮಧುರೆಗೆ ಅದೇ ತಲೆನೋವು. ನಡುವೆ ಒಬ್ಬ ಚೋಳ ಕೂತಿದ್ದರೆ ಇಬ್ಬರಿಗೂ ನಿದ್ದೆ. ಹೊಯ್ಸಳರಿಗೆ ಇನ್ನೂ ಒಂದು ಕಾರಣ ಇತ್ತು. ಉತ್ತರದಲ್ಲಿ ದೇವಗಿರಿಯ ಸೇವುಣರ ಸಿಂಘಣ ಒತ್ತಿಕೊಂಡು ಬರುತ್ತಿದ್ದ, ಇಮ್ಮಡಿ ಬಲ್ಲಾಳ ಗೆದ್ದಿದ್ದ ಉತ್ತರದ ನೆಲ ಕೈಬಿಡುತ್ತಿತ್ತು. ಅಂಥ ಹೊತ್ತಿನಲ್ಲಿ ದಕ್ಷಿಣದ ಗಡಿಯಲ್ಲಿ ಬಲವಾದ ಶತ್ರು ಬೇಡ, ಋಣದಲ್ಲಿರುವ ನೆರೆಯವನು ಬೇಕು. 'ಚೋಳರಾಜ್ಯ ಪ್ರತಿಷ್ಠಾಚಾರ್ಯ' ಬಿರುದು ಬಲ್ಲಾಳನ ಕೊನೆಗಾಲದಲ್ಲೇ ಬಳಕೆಗೆ ಬಂದದ್ದು ಇದಕ್ಕೆ ಹೊಂದುತ್ತೆ. ತಿರುವೇಂದಿಪುರಂ ಶಾಸನದಲ್ಲಿ ನರಸಿಂಹ ಆ ಕೀರ್ತಿಯನ್ನು 'ಉಳಿಸಿಕೊಳ್ಳುವ' ಮಾತಾಡುವುದೂ ಅದಕ್ಕೇ. ಅದು ಒಂದು ದಿನದ ಆವೇಶದ ಶಪಥವಲ್ಲ, ಆಗಲೇ ಹದಿಮೂರು-ಹದಿನಾಲ್ಕು ವರ್ಷ ಹಳೆಯದಾದ ನೀತಿ.

ಶಾಸನದ ಕಥೆಯಲ್ಲಿ ಖಳನಾಯಕ ಕೊಪ್ಪೆರುಂಜಿಂಗ. ಆದರೆ ಚೋಳ ಅವನ ಕೈಗೆ ಸಿಕ್ಕಿದ್ದು ಹೇಗೆ? ರಾಜರಾಜ ಪಾಂಡ್ಯನಿಗೆ ಕಪ್ಪ ನಿಲ್ಲಿಸಿ ಯುದ್ಧಕ್ಕೆ ಹೋದ, ಸೋತ, ಉತ್ತರಕ್ಕೆ ಓಡುವಾಗ ತೆಳ್ಳಾರಿನಲ್ಲಿ ಕಾಡವನ ಬಲೆಗೆ ಬಿದ್ದ. ನರಸಿಂಹ ಸೇಂದಮಂಗಲಕ್ಕೆ ತಾನೇ ಹೋಗದೆ ದಣ್ಣಾಯಕರನ್ನು ಕಳಿಸಿದ್ದಕ್ಕೂ ಇದರಲ್ಲೇ ವಿವರಣೆ ಇದೆ. ಸಕಲವಿದ್ಯಾಚಕ್ರವರ್ತಿಯ ಸಂಸ್ಕೃತ 'ಗದ್ಯಕರ್ಣಾಮೃತ'ದ ಪ್ರಕಾರ ಅವನು ಆ ಹೊತ್ತಿಗೆ ಕಾವೇರಿ ದಡದ ಮಹೇಂದ್ರಮಂಗಲದಲ್ಲಿ ಪಾಂಡ್ಯನನ್ನು ಎದುರಿಸಿದ. ಅದು ಆಸ್ಥಾನಕವಿಯ ಮಾತು, ಉಪ್ಪು ಹಾಕಿಕೊಂಡೇ ಓದಬೇಕು. ಆದರೂ ರಾಜ ದೊಡ್ಡ ಶತ್ರುವಿನ ಎದುರು, ದಣ್ಣಾಯಕರು ಸಣ್ಣ ಶತ್ರುವಿನ ಎದುರು ಎಂಬುದು ಯುದ್ಧದ ಲೆಕ್ಕಕ್ಕೆ ಸರಿಹೊಂದುತ್ತೆ. ಕೊಪ್ಪೆರುಂಜಿಂಗನನ್ನು ಕೊಲ್ಲಲಿಲ್ಲ, ಸೇಂದಮಂಗಲವನ್ನು ಕಿತ್ತುಕೊಳ್ಳಲಿಲ್ಲ. ಚೋಳನನ್ನು ಬಿಟ್ಟ, ಸಾಕು. ದೇವಸ್ಥಾನ ಹಾಳುಮಾಡಿದವನಿಗೆ ಶಿಕ್ಷೆ ಕೊಡುವುದೇ ಉದ್ದೇಶವಾಗಿದ್ದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ.

ಸೋಮೇಶ್ವರ ಎಂಬ 'ಮಾಮಡಿ'

ಹಿತಾಸಕ್ತಿಯಿಂದ ಹುಟ್ಟಿದ ಮೈತ್ರಿ ಎಂಬುದಕ್ಕೆ ನನಗೆ ಸಿಕ್ಕ ಬಲವಾದ ಸಾಕ್ಷಿ 1231ರದ್ದಲ್ಲ, ಅದರ ಮುಂದಿನ ತಲೆಮಾರಿನದು.

ಸೋಮೇಶ್ವರ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲೇ ನೆಲೆನಿಂತ, ಅದಕ್ಕೆ ವಿಕ್ರಮಪುರ ಅಂತ ಹೆಸರಿಟ್ಟ, ಪೊಯ್ಸಳೇಶ್ವರ ದೇವಾಲಯ ಕಟ್ಟಿಸಿದ. ಈ ಹೊತ್ತಿಗೆ ಚೋಳರಲ್ಲಿ ಮುಮ್ಮಡಿ ರಾಜೇಂದ್ರ ಬಂದ. ರಾಜರಾಜನ ಹಾಗೆ ಕೈಲಾಗದವನಲ್ಲ. 1246ರಿಂದ ಅವನ ವರ್ಷಗಳು ಶುರುವಾಗುತ್ತವೆ. ಪಾಂಡ್ಯರನ್ನು ಬಗ್ಗಿಸಿದೆ ಅಂತ ಅವನ ಶಾಸನಗಳು ಹೇಳಿಕೊಳ್ಳುತ್ತವೆ. ಕೂಡಲೇ ಹೊಯ್ಸಳರು ಪಾಂಡ್ಯರ ಕಡೆ ವಾಲಿದರು! ರಾಜೇಂದ್ರನ ಬಿರುದೊಂದರ ಅರ್ಥ ಹೀಗಿದೆ: ಮಾಮಡಿ ಸೋಮೇಶ್ವರನ ಪಾಲಿಗೆ ಯಮದಂಡ. ಮಾಮಡಿ ಅಂದರೆ ಮಾವ. ನಂಟಸ್ತಿಕೆಯ ಪದವನ್ನು ಬಿಡದೆಯೇ ಯಮದಂಡ ಎತ್ತಿದ್ದಾನೆ. ಅತ್ತ ಪಾಂಡ್ಯರ ಶಾಸನಗಳಲ್ಲೂ ಸೋಮೇಶ್ವರ 'ಮಾಮಡಿ'ಯೇ. ಎರಡು ಮನೆಗೂ ಮಾವ. ಯಾವ ಮನೆ ಬಡವಾಗುತ್ತೋ ಆ ಮನೆಯ ಪಕ್ಷ.

1251ರಲ್ಲಿ ಮಧುರೆಯಲ್ಲಿ ಜಟಾವರ್ಮನ್ ಸುಂದರಪಾಂಡ್ಯ ಪಟ್ಟಕ್ಕೆ ಬಂದ. ಪಾಂಡ್ಯರಲ್ಲಿ ಅತಿ ಬಲಿಷ್ಠ ಅನ್ನಬಹುದಾದವನು. ರಾಜೇಂದ್ರನ 7ನೇ ವರ್ಷದ, ಅಂದರೆ 1252-53ರ, ಶ್ರೀರಂಗದ ಶಾಸನ ನೋಡಿ. ಅಲ್ಲಿ ರಾಜೇಂದ್ರನಿಗೆ ಹೊಸ ವಿಶೇಷಣ: ವೀರ ಸೋಮೇಶ್ವರನೇ ತನ್ನ ಕೈಯಾರೆ ಕಾಲಿಗೆ ವೀರಾಭರಣ ತೊಡಿಸಿದಂಥವನು. ಯಮದಂಡ ಹಿಡಿದಿದ್ದವನ ಕಾಲಿಗೆ ಮಾವನೇ ಕಡಗ ತೊಡಿಸುತ್ತಿದ್ದಾನೆ. ಮಧುರೆಯ ಹೊಸ ಪಟ್ಟಾಭಿಷೇಕಕ್ಕೂ ಈ ಕಡಗಕ್ಕೂ ನಡುವೆ ಒಂದೆರಡು ವರ್ಷ ಅಷ್ಟೇ.

ಇನ್ನೊಂದು ಕಡೆ, ಅದೇ 1250ರ ದಶಕದ ಆರಂಭದಲ್ಲಿ, ಸೋಮೇಶ್ವರನ ಸಂಸ್ಕೃತ ತಾಮ್ರಶಾಸನವೊಂದಿದೆ. ಅದು ವಿಕ್ರಮಪುರವನ್ನು ವರ್ಣಿಸುವುದು ಹೇಗೆ ಗೊತ್ತಾ? ತನ್ನ ತೋಳಬಲದಿಂದ ಗೆದ್ದ ಚೋಳಮಂಡಲದಲ್ಲಿ, ಮನಸ್ಸಿನ ವಿನೋದಕ್ಕಾಗಿ ಕಟ್ಟಿಸಿದ ರಾಜಧಾನಿ ಅಂತ. ಶ್ರೀರಂಗದ ಗೋಡೆಯ ಮೇಲೆ ಚೋಳನನ್ನು ಗೌರವಿಸಿದ ಮಾವ, ತನ್ನ ತಾಮ್ರಪಟದಲ್ಲಿ ಅದೇ ಚೋಳನಾಡನ್ನು ಗೆದ್ದ ದೊರೆ. ಓದುವವರು ಬೇರೆ, ಮಾತು ಬೇರೆ. ಯಾವ ಶಾಸನ ಸುಳ್ಳು ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಎರಡನ್ನೂ ಅವರು ಬರೆಸಿದರು, ಎರಡೂ ಅವರಿಗೆ ಬೇಕಾಗಿದ್ದವು. ಒಂದನ್ನಷ್ಟೇ ಓದಿ ಹೊಯ್ಸಳ-ಚೋಳ ಸಂಬಂಧ ಇಂಥದ್ದು ಅಂತ ತೀರ್ಪು ಕೊಡುವ ನಮ್ಮ ಚಾಳಿಯೇ ಸರಿಯಿಲ್ಲ.

ಕೊನೆ ಎಲ್ಲರಿಗೂ ಗೊತ್ತಿರುವುದೇ. ಜಟಾವರ್ಮನ್ ಸುಂದರಪಾಂಡ್ಯ ಕಣ್ಣನೂರನ್ನು ಹಿಡಿದ, ಶ್ರೀರಂಗಕ್ಕೆ ಹೊನ್ನು ಹೊದಿಸಿದ. 1279ರ ಸುಮಾರಿಗೆ ಕುಲಶೇಖರ ಪಾಂಡ್ಯ ರಾಜೇಂದ್ರ ಚೋಳನನ್ನೂ ಹೊಯ್ಸಳ ರಾಮನಾಥನನ್ನೂ ಒಟ್ಟಿಗೆ ಸೋಲಿಸಿದ. ತಲಕಾಡಿನಲ್ಲಿ ಎದುರುಬದುರು ನಿಂತಿದ್ದ ಎರಡು ವಂಶಗಳು ಕೊನೆಯ ಯುದ್ಧದಲ್ಲಿ ಒಂದೇ ಕಡೆ ನಿಂತು ಸೋತವು. ಚೋಳರ ಆಳ್ವಿಕೆಯ ವರ್ಷಗಳು ಅಲ್ಲಿಗೆ ಮುಗಿದವು. ಆಮೇಲೆ ಯಾವ ಲಿಪಿಕಾರನೂ ರೂಢಿ ಅಂತ ಆ ತೇದಿಯನ್ನು ಉಳಿಸಿಕೊಳ್ಳಲಿಲ್ಲ.

ಹಾಗಾದರೆ ಔದಾರ್ಯ ಅನ್ನೋದೇ ಇಲ್ಲವೇ?

ಈ ಬರಹದ ಕರಡನ್ನು ಓದಿದ ಗೆಳೆಯರೊಬ್ಬರು ಕೇಳಿದ್ದು ಇದನ್ನೇ. "ಎಲ್ಲವನ್ನೂ ಲಾಭ-ನಷ್ಟಕ್ಕೆ ಇಳಿಸಿಬಿಟ್ರೆ ಶಾಸನ ಓದೋದು ಯಾಕ್ರೀ, ಲೆಕ್ಕಪುಸ್ತಕ ಓದಬಹುದಲ್ಲ?"

ಪ್ರಶ್ನೆ ಚುಚ್ಚಿತು. ಯೋಚಿಸಿದ ಮೇಲೆ ನನಗನಿಸಿದ್ದು ಹೇಳ್ತೀನಿ. ಹಿತಾಸಕ್ತಿ ಅಂದಕೂಡಲೇ ಅದು ಕೀಳು ಅಂತ ನಾವು ಯಾಕೆ ಅಂದುಕೊಳ್ಳಬೇಕು? ಔದಾರ್ಯದ ಕಥೆಯಲ್ಲಿ ಒಬ್ಬ ಕೊಡುವವನು, ಇನ್ನೊಬ್ಬ ಕೈಚಾಚುವವನು. ಆ ಕಥೆ ಹೇಳಿದಷ್ಟು ಸಲ ತಮಿಳು ಗೆಳೆಯರಿಗೆ ಮುಜುಗರ, ನಮಗೆ ಜಂಬ. ಹಿತಾಸಕ್ತಿಯ ಕಥೆಯಲ್ಲಿ ಇಬ್ಬರಿಗೂ ಇಬ್ಬರೂ ಬೇಕು. ರಾಜರಾಜ ಸೋತವನೇ. ಆದರೆ ಬಲವಾದ ಇಬ್ಬರು ನೆರೆಯವರ ಪರಸ್ಪರ ಭಯದ ನಡುವೆ ಅವನು 1231ರ ನಂತರವೂ ಇಪ್ಪತ್ತಕ್ಕೂ ಹೆಚ್ಚು ವರ್ಷ ತನ್ನ ಹೆಸರಿನ ತೇದಿ ಉಳಿಸಿಕೊಂಡ. ಅದೂ ಒಂದು ಬಗೆಯ ರಾಜಕಾರಣ. ಔದಾರ್ಯದ ಓದಿನಲ್ಲಿ ಅದು ಕಾಣಿಸುವುದೇ ಇಲ್ಲ.

ಮೈತ್ರಿಯಿಂದ ನೆಲದ ಮೇಲೆ ಉಳಿದದ್ದೂ ಇದೆ. ಸೋಮೇಶ್ವರನ ಪೊಯ್ಸಳೇಶ್ವರ ಇವತ್ತಿಗೂ ಸಮಯಪುರದ ಹತ್ತಿರ ಭೋಜೇಶ್ವರ ಎಂಬ ಹೆಸರಿನಲ್ಲಿ ನಿಂತಿದೆ. ಪೊಯ್ಸಳ ಎಂಬುದು ಜನರ ನಾಲಗೆಯಲ್ಲಿ ಭೋಜನಾದದ್ದನ್ನು ನೋಡಿ ನಮ್ಮವರು ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೇನೋ ಇಷ್ಟವೇ. ಬೇರೆ ಊರಿನ ರಾಜ ಅನ್ನುವುದು ಮರೆತುಹೋಗುವಷ್ಟು ಒಳಗೆ ಸೇರಿಸಿಕೊಂಡಿದ್ದಾರೆ.

ವಿಮರ್ಶೆ ಅಂತ ಹೊರಟು ಇಷ್ಟು ಬರೆದ ಮೇಲೆ, ಸರಿಪಡಿಸಬೇಕಾದ್ದು ಮೊದಲು ನನ್ನದೇ ಇದೆ. ಆ ಸ್ಲೈಡನ್ನು ತಿದ್ದಿದ್ದೇನೆ. ಈಗ ಅದರಲ್ಲಿ ಮೊದಲ ಸಾಲು ಇದೆ, ಬೆಳೆ ಸುಟ್ಟ ಸಾಲೂ ಇದೆ. ಜಾಗ ಸಾಲದ್ದಕ್ಕೆ ನಕ್ಷೆ ತೆಗೆದುಹಾಕಿದೆ. ಬಿರುದು ದೊಡ್ಡ ಅಕ್ಷರದಲ್ಲಿತ್ತು, ಅದನ್ನೂ ಉಳಿದ ಅಕ್ಷರಗಳಷ್ಟಕ್ಕೇ ಇಳಿಸಿದೆ.

ಮುಂದಿನ ಸಲ ನಿಮ್ಮ ಗುಂಪಿಗೆ 'ಇಂಥವರು ಇಂಥವರನ್ನು ಕಾಪಾಡಿದರು' ಎಂಬ ಶಾಸನದ ಚಿತ್ರ ಬಂದರೆ, ಹಂಚುವ ಮೊದಲು ಆ ಹಿರಿಯರು ನನಗೆ ಕೇಳಿದ್ದನ್ನು ನೀವೂ ಕೇಳಿ. ಇದು ಯಾವ ರಾಜರ ಎಷ್ಟನೇ ವರ್ಷ? ಚಿತ್ರದಲ್ಲಿ ಮೊದಲ ಸಾಲು ಇಲ್ಲದಿದ್ದರೆ, ಕಳಿಸಿದವರನ್ನೇ ಕೇಳಿ ತರಿಸಿಕೊಳ್ಳಿ.